ಒಂದು ಗೇಣು ಬಿಳಿ ದಾರ

ಬೆಳಕೇ ಇರಬೇಕು, ಕಿಟಕಿಯ ಸರಳಿನ ಸಂದಿಯಿಂದ ಬಿದ್ದದ್ದು, ಬಾಗಿಲು ಮುಚ್ಚಿಕೊಳ್ಳುವಾಗ ಮಗಳ ನೀಲಿ ಸ್ಕರ್ಟಿನ ಅಂಚಿನಲ್ಲಿ ಬೆಳ್ಳಗೆ ಏನೋ ಕಂಡದ್ದು — ಅಲ್ಲ, ಬೆಳಕು ಹೀಗೆ ಒಂದು ಕಂಡು ಒಂದು ಅಡಗಿ, ಒಂದು ಕಂಡು ಒಂದು ಅಡಗಿ ಬೀಳುವುದಿಲ್ಲ, ಅದು ದಾರ, ನನ್ನ ಕೈಯದೇ ಕಚ್ಚಾ ಹೊಲಿಗೆ, ಮಿಷನ್ನಿಗೆ ಕೊಡುವ ಮೊದಲು ಮಡಿಕೆ ಜಾರದಿರಲಿ ಎಂದು ಉದ್ದುದ್ದ ಹಾಕುತ್ತೇವಲ್ಲ, ಪಕ್ಕಾ ಹೊಲಿಗೆ ಬಿದ್ದ ಮೇಲೆ ಎಳೆದು ಎಸೆಯಬೇಕಾದದ್ದು, ಎಸೆಯುವಾಗ ಎದ್ದು ಕಾಣಲಿ ಎಂದೇ ನೀಲಿ ಬಟ್ಟೆಗೆ ಬಿಳಿ ದಾರ, ಈಗ ಎದ್ದು ಕಾಣುತ್ತಿದೆ, ಒಳಗೆ ಮೇಜಿನ ಆಚೆ ಕೂತ ಮೂವರಿಗೂ ಕಾಣುತ್ತಿದೆ, ಒಂದು ಗೇಣಿನಷ್ಟು, ಎಡಪಕ್ಕದಲ್ಲಿ, ಎಳೆಯುವಾಗ ಅಲ್ಲಿ ತುಂಡಾಗಿತ್ತು, ಆಮೇಲೆ ತೆಗೆದರಾಯಿತು ಎಂದುಕೊಂಡೆ, ಅಷ್ಟರಲ್ಲಿ ಹಾಲು ಉಕ್ಕಿತು, ಎದ್ದೆ, ಮರೆತೆ. ಹದಿನಾರು ವರ್ಷ ಹೊಲಿಗೆ ಅಂಗಡಿಯಲ್ಲಿ ಕೂತವಳು. ಊರಿನ ಮಕ್ಕಳ ಯೂನಿಫಾರ್ಮೆಲ್ಲ ನನ್ನ ಕೈಮೇಲೆ ಹೋಗಿದೆ, ಒಂದರಲ್ಲೂ ಒಂದೆಳೆ ಬಿಟ್ಟವಳಲ್ಲ, ಸ್ವಂತ ಮಗಳ ಸ್ಕರ್ಟಿನಲ್ಲಿ, ಅದೂ ಇವತ್ತು. ಅಂಗಡಿಯ ಮಾಸ್ಟರಿಗೆ ಗೊತ್ತಾದರೆ ಮುಗಿಯಿತು, ಕಚ್ಚಾ ದಾರ ಬಿಟ್ಟು ಬಟ್ಟೆ ಕೊಡೋದೂ ಒಂದೇ, ಮುಖಕ್ಕೆ ಸೋಪು ಹಚ್ಕೊಂಡು ಮದುವೆಗೆ ಹೋಗೋದೂ ಒಂದೇ ಕಣಮ್ಮ, ಎಂದು ಹೊಸಬರಿಗೆಲ್ಲ ಹೇಳುತ್ತಾರೆ, ನನಗೆ ಒಮ್ಮೆಯೂ ಹೇಳಿದ್ದಿಲ್ಲ. ಎದ್ದು ಬಾಗಿಲು ತಟ್ಟಲೇ, ಒಂದು ನಿಮಿಷ ಸಾರ್, ಒಂದು ದಾರ ಇದೆ ಎನ್ನಲೇ — ಕೂತುಕೋ, ಮಾನ ಕಳೆಯಬೇಡ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹತ್ತು. ಬೆಂಚು ನುಣುಪಾಗಿದೆ, ಎಷ್ಟು ತಾಯಂದಿರು ಕೂತು ಉಜ್ಜಿದ್ದೋ. ಪಕ್ಕದಲ್ಲಿ ದಿಂಬಿನಷ್ಟು ದಪ್ಪ ಫೈಲು ಹಿಡಿದ ಹೆಂಗಸು, ಆಚೆ ಕನ್ನಡಕದ ಗಂಡಸು, ಅವರ ಮಗ ಆಗಲೇ ಹೊರಗೆ ಬಂದಾಯಿತು, ಗುಮಾಸ್ತ ಅವರಿಗೆ ಪತ್ರ ಬರುತ್ತೆ ಹೋಗಿ ಅಂದ, ಆದರೂ ಅವರು ಎದ್ದಿಲ್ಲ, ಮಗನ ಬೆನ್ನಿನ ಮೇಲೆ ಕೈಯಿಟ್ಟು ಕೂತೇ ಇದ್ದಾರೆ. ಅವರೇ ಹೇಳಿದ್ದು, ಅಪ್ಪ ಅಮ್ಮನ್ನ ಒಳಗೆ ಕರೆದ್ರೆ ಸೀಟು ಆಯ್ತು ಅಂತ ತಿಳ್ಕೊಳ್ಳಿ, ಪತ್ರ ಬರುತ್ತೆ ಅಂದ್ರೆ ಬರಲ್ಲ ಅಂತ. ಸಾವಿರದ ಇನ್ನೂರು ಮಕ್ಕಳು ಪರೀಕ್ಷೆ ಬರೆದು ನಲವತ್ತು ಜನರನ್ನು ಕರೆದಿದ್ದಾರೆ, ವಸತಿ ಶಾಲೆಯಲ್ಲಿ ಇರುವುದು ಹನ್ನೆರಡು ಮಂಚ. ಫೈಲಿನ ಹೆಂಗಸು ನನ್ನನ್ನು ಕೇಳಿದರು, ನಿಮ್ಮ ಮಗಳಿಗೆ ಕೋಚಿಂಗ್ ಎಲ್ರೀ? ಮೇಜಿನ ಕೆಳಗೆ, ಅಂತ ಬಾಯಿಗೆ ಬಂದಿತ್ತು. ಮನೇಲೇ, ಅಂದೆ.

ಮೇಜಿನ ಕೆಳಗೇ. ಸಂಜೆ ಶಾಲೆಯಲ್ಲಿ ನಾನು ಹತ್ತನೆಯ ತರಗತಿಗೆ ಕೂತಾಗ ಅವಳಿಗೆ ಐದು ವರ್ಷ, ಬಿಟ್ಟು ಬರಲು ಯಾರೂ ಇಲ್ಲ, ಅವಳಪ್ಪನಿಗೆ ಡಿಪೋದಲ್ಲಿ ಎರಡನೇ ಪಾಳಿ, ಮೇಜಿನ ಕೆಳಗೆ ಬಟ್ಟೆಚೂರು ಹಾಸಿ ಕೂರಿಸುತ್ತಿದ್ದೆ, ನನ್ನ ತೋಳಂಚು ಹಿಡಿದು ಕೂರುತ್ತಿದ್ದಳು, ಎಡಗೈ ಅವಳಿಗೆ, ಬಲಗೈ ಲೆಕ್ಕಕ್ಕೆ. ಮೇಷ್ಟ್ರು ಅವತ್ತು ಕೇಳಿದರು, ಅರ್ಧಕ್ಕೆ ಕಾಲು ಕೂಡಿಸಿದ್ರೆ ಎಷ್ಟ್ರಪ್ಪಾ, ಲಾರಿ ಓಡಿಸುವವರು, ಅಡುಗೆ ಮಾಡುವವರು, ನಾನು, ದುಡಿದು ದಣಿದ ಇಪ್ಪತ್ತು ಜನ ಹಲಗೆ ನೋಡುತ್ತಾ ಕೂತಿದ್ದೇವೆ, ನನಗೆ ಗೊತ್ತಿತ್ತು, ದಿನಾ ಟೇಪು ಹಿಡಿಯುವವಳು, ಆದರೆ ತಪ್ಪಾದರೆ ಎಂದು ಬಾಯಿ ಬಿಡಲಿಲ್ಲ, ಯಾವಾಗಲೂ ಹಾಗೇ, ಉತ್ತರ ಬಾಯಲ್ಲಿಟ್ಟುಕೊಂಡೇ ಕೂರುತ್ತೇನೆ — ಮೇಜಿನ ಕೆಳಗಿಂದ ಬಂತು, ಮುಕ್ಕಾಲು. ಮೇಷ್ಟ್ರು ಬಗ್ಗಿ ನೋಡಿದರು. ಯಾರಮ್ಮಾ ಅದು, ಹೊರಗೆ ಬಾ, ಫೀಸು ಕಟ್ಟದೆ ಪಾಠ ಕೇಳ್ತೀಯಾ? ಅವತ್ತಿನಿಂದ ಅವಳು ಎಲ್ಲರಿಗೂ ಮುಕ್ಕಾಲು, ಅಂಗಡಿಯ ಮಾಸ್ಟರಿಗೂ, ಅವಳಪ್ಪನಿಗೂ, ಇವತ್ತು ಬೆಳಗ್ಗೆ ಡಿಪೋಗೆ ಹೊರಟು ಚಪ್ಪಲಿ ಮೆಟ್ಟಿದವರು ಮತ್ತೆ ಒಳಗೆ ಬಂದರು, ಮುಕ್ಕಾಲು, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು, ನಿನ್ನಪ್ಪ ದಿನಾ ಹಾಗೇ ಬದುಕ್ತಾ ಇರೋದು, ಅಂದರು, ಅವಳು ನಕ್ಕಳು, ನಾನು ನಗಲಿಲ್ಲ, ಇಸ್ತ್ರಿ ಮಾಡುತ್ತಿದ್ದೆ, ಇಸ್ತ್ರಿ ಮಾಡುವಾಗಲೂ ದಾರ ಕಾಣಲಿಲ್ಲವಲ್ಲ, ಕಣ್ಣು ಎಲ್ಲಿಟ್ಟಿದ್ದೆ. ಈ ಅರ್ಜಿ ತಂದುಕೊಟ್ಟವರೂ ಮೇಷ್ಟ್ರೇ. ಇವಳಿಗೆ ಇನ್ನು ನಾನು ಸಾಲಲ್ಲಮ್ಮ, ನೀನೂ ಸಾಲಲ್ಲ, ಬೇಜಾರು ಮಾಡ್ಕೋಬೇಡ. ಬೇಜಾರೇನಿಲ್ಲ ಸಾರ್ ಅಂದೆ, ಮನೆಗೆ ಬಂದು ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆದೆ, ತೊಳೆದ ಪಾತ್ರೆಯನ್ನೇ ತೊಳೆದೆ.

ಅರ್ಜಿಯ ಕೊನೆಯ ಹಾಳೆ ತಾಯಿಯೋ ತಂದೆಯೋ ಸ್ವಂತ ಕೈಯಲ್ಲಿ ತುಂಬಬೇಕು. ನಿಮ್ಮ ಮಗುವಿನ ಒಂದು ಕೊರತೆಯನ್ನು ತಿಳಿಸಿ. ಮಾಸ್ಟರು ಕತ್ತರಿ ಕೆಳಗಿಟ್ಟು ಹೇಳಿಕೊಟ್ಟರು, ಊಟ ಬಿಟ್ಟು ಓದ್ತಾಳೆ ಅಂತ ಬರಿ, ಎಲ್ಲರೂ ಹಾಗೇ ಬರೆಯೋದು, ಕೊರತೆನೂ ಆಯ್ತು ಹೊಗಳಿಕೆನೂ ಆಯ್ತು. ನನಗೆ ಬರೆಯಲಾಗಲಿಲ್ಲ, ಊಟ ಬಿಡುವವಳಲ್ಲ ಅವಳು, ಎರಡು ಸಲ ಬಡಿಸಿಕೊಳ್ಳುತ್ತಾಳೆ, ಮೇಷ್ಟ್ರ ಮಾತು ಬೇರೆ ಕಿವಿಯಲ್ಲಿ, ಕೇಳಿದ್ದಕ್ಕೆ ಉತ್ತರ ಬರೆ, ಬರೆದದ್ದು ನಿಜ ಇರಲಿ. ಮೂರು ಸಲ ಬೇರೆ ಕಾಗದದಲ್ಲಿ ಬರೆದು ನೋಡಿ, ಒತ್ತಕ್ಷರ ಸರಿಯಿದೆಯೇ ನೋಡಿ, ಕೊನೆಗೆ ಬರೆದೆ, ನನ್ನ ಅಂಗಿಯ ತೋಳಂಚು ಹಿಡಿಯದೆ ಅವಳಿಗೆ ನಿದ್ದೆ ಬರುವುದಿಲ್ಲ, ಹನ್ನೆರಡು ವರ್ಷ ತುಂಬಿದರೂ. ಅಂಚೆಗೆ ಹಾಕಿದ ಮೇಲೆ ಹೊಳೆಯಿತು. ಮಕ್ಕಳು ಮನೆ ಬಿಟ್ಟು ಉಳಿಯಬೇಕಾದ ಶಾಲೆಗೆ ಯಾವ ತಾಯಿ ಹೀಗೆ ಬರೆಯುತ್ತಾಳೆ, ಬುದ್ಧಿ ನೆಟ್ಟಗಿರುವವಳು? ನಿಜ ಎಂದು ಬರೆದೆನೋ, ಅವರು ಓದಿ ಬೇಡ ಅನ್ನಲಿ ಎಂದು ಬರೆದೆನೋ — ಬೇಡ, ಹಾಗೆ ಯೋಚಿಸಬೇಡ, ಆದರೆ ಈ ದಾರ, ಇದನ್ನೂ ನಾನೇ ಬಿಟ್ಟದ್ದು, ಮರೆತೆನೋ, ನನ್ನ ಕೈ ಮರೆಯಿತೋ, ಕೈಗೆ ಅದರದೇ ಬುದ್ಧಿ ಇರುತ್ತದೆ, ಕತ್ತಲಲ್ಲೂ ಸೂಜಿಗೆ ದಾರ ಪೋಣಿಸುವ ಕೈ. ಸ್ಕರ್ಟಿಗೆ ಮೂರು ಬೆರಳು ಮಡಿಕೆ ಇಟ್ಟಿದ್ದೇನೆ, ಬೆಳೆಯುವ ಹುಡುಗಿ, ಇಲ್ಲಿಗೆ ಸೇರಿದರೆ ಅದನ್ನು ಬಿಚ್ಚಿ ಇಳಿಸಿಕೊಡುವವರು ಯಾರು, ಅವಳಿಗೇ ಕಲಿಸಬೇಕಿತ್ತು, ಲೆಕ್ಕ ಕಲಿತಳು, ಸೂಜಿ ಕಲಿಸಲಿಲ್ಲ, ನೀನು ಓದ್ಕೋ ಹೋಗು ಅಂತಲೇ ಅಟ್ಟಿದೆ. ಬಸ್ಸಿನಲ್ಲಿ ಇಡೀ ದಾರಿ ಎಡಗೈ ಮೊಣಕಾಲ ಹತ್ತಿರ ಇಟ್ಟು ಅಂಚು ತಿರುವುತ್ತಾ ಕೂತಿದ್ದಳು, ಕೈ ತೆಗಿಯೇ, ಇಸ್ತ್ರಿ ಹಾಳಾಗುತ್ತೆ ಅಂತ ಗದರಿದೆ, ತೆಗೆದಳು, ಮತ್ತೆ ಇಟ್ಟಳು. ಗದರಬಾರದಿತ್ತು. ಹನ್ನೊಂದು ಮೂವತ್ತು. ಹುಡುಗನಿಗೆ ಹತ್ತು ನಿಮಿಷವಷ್ಟೇ ಆದದ್ದು, ಇವಳಿಗೆ ಇಪ್ಪತ್ತಾಯಿತು, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಒಳಗೆ ಯಾರೋ ಕೆಮ್ಮಿದರು, ಕುರ್ಚಿ ಸರಿಯಿತು. ಚಿಲಕ. ಬಾಗಿಲು. ನಾನು ಮುಖ ನೋಡಬೇಕಿತ್ತು, ಯಾವ ತಾಯಿಯಾದರೂ ಮುಖ ನೋಡುತ್ತಾಳೆ, ನಾನು ಅಂಚು ನೋಡಿದೆ, ನೀಲಿ, ಬರೀ ನೀಲಿ, ಸುತ್ತಲೂ ನೀಲಿ, ದಾರವಿಲ್ಲ, ಮಡಿಕೆ ಕೂತಲ್ಲೇ ಕೂತಿದೆ, ಒಂದೆಳೆಯೂ ಜಾರಿಲ್ಲ. ಅಮ್ಮಾ, ಅನ್ನುತ್ತಿದ್ದಾಳೆ, ಪಿಸುಮಾತಿನಲ್ಲಿ, ಇದನ್ನ ಹುಡುಕ್ತಿದೀಯಾ, ಬಸ್ಸಲ್ಲೇ ಸಿಕ್ತು ನಂಗೆ, ಹೇಳಿದ್ರೆ ನೀನು ಕಿತ್ತುಬಿಡ್ತಿದ್ದೆ. ನೀನು ಬರೆದದ್ದನ್ನ ಜೋರಾಗಿ ಓದಿದ್ರಮ್ಮಾ. ನಿಜಾನಾ ಅಂದ್ರು. ನಿಜ ಅಂದೆ. ಮತ್ತೆ ಇಲ್ಲಿ ಹೇಗಮ್ಮಾ ಮಲಗ್ತೀಯಾ ಅಂದ್ರು. ಗೊತ್ತಿಲ್ಲ ಅಂದೆ, ಅಪ್ಪ ಹೇಳಿದ್ರಲ್ಲ, ಹಾಗೇ. ಆಮೇಲೆ ಮೇಜಿನ ಕೆಳಗೆ ಎಳೆದೆ, ಸಲೀಸಾಗಿ ಬಂತು, ಅಂಚು ಬಿಚ್ಚಲೇ ಇಲ್ಲ, ನೋಡು, ಇದನ್ನ ಹಿಡ್ಕೊಂಡು ಮಲಗಿ ನೋಡ್ತೀನಿ ಅಂದೆ. ಯಾರು ಹೊಲಿದದ್ದು ಅಂತ ಕೇಳಿದ್ರು. ಏಳಮ್ಮಾ, ನೀನೂ ಒಳಗೆ ಬರಬೇಕಂತೆ. ಕನ್ನಡಕದವರು ತಲೆಯೆತ್ತಿ ನನ್ನನ್ನು ನೋಡುತ್ತಿದ್ದಾರೆ, ಏಳಬೇಕು, ನಗಬೇಕು, ಚೀಲ ಎಲ್ಲಿಟ್ಟೆ, ಏಳುತ್ತಿದ್ದೇನೆ, ಅವಳು ಕೈ ಚಾಚಿದ್ದಾಳೆ, ನನ್ನ ತೋಳಂಚಿಗಲ್ಲ, ಬರೀ ತೋರಿಸಲು, ತೋರುಬೆರಳಿಗೆ ಒಂದು, ಎರಡು, ಮೂರು ಸುತ್ತು, ನಾಲ್ಕನೆಯದಕ್ಕೆ ಸಾಲದೆ ತುದಿ ಗಾಳಿಯಲ್ಲಿ, ಬಿಳಿ ದಾರ.