ಅಳುಮುಂಜಿಯ ದನಿ

“ಥೂ ಮುಂಡೇದೇ, ಮನೇಲಿ ಹೆಣ ಬಿದ್ದಿದೆ ಅಂದ್ರೆ ಶೀತ ಆದೋಳ ಥರ ಮೂಗು ಎಳೀತೀಯಲ್ಲೇ! ಮತ್ತೆ ತಗೋ!”

ಗಾಜಿನ ಆಚೆ ಕುಳಿತ ಡೈರೆಕ್ಟರ್ ಮೈಕಿನಲ್ಲಿ ಬೈದದ್ದು, ಹೊರಗೆ ಬೆಂಚಿನ ಮೇಲಿದ್ದ ನನಗೂ ಸ್ಪೀಕರಿನಲ್ಲಿ ಕೇಳಿಸಿತು. ಒಳಗಿದ್ದವಳು ನನ್ನ ಮಗಳು. ಪರದೆಯ ಮೇಲೆ ಧಾರಾವಾಹಿಯ ನಾಯಕಿಯರು ಬಾಯಿ ಆಡಿಸುತ್ತಾರೆ. ಅಳುವ ದನಿ ಇವಳದು. ಡಬ್ಬಿಂಗ್ ಸ್ಟುಡಿಯೋದವರು ಅವಳನ್ನು ಅಳುಮುಂಜಿ ಎಂದೇ ಕರೆಯುತ್ತಿದ್ದರು. ನಾನು ಅದೇ ಧಾರಾವಾಹಿಗಳ ಅತ್ತೆಯಂದಿರ ದನಿ.

ಅಳುವ ಸೀನುಗಳನ್ನೆಲ್ಲ ಕೂಡಿಟ್ಟು ಒಂದೇ ದಿನ ಮುಗಿಸುವುದು ನಮ್ಮಲ್ಲಿ ರೂಢಿ. ಗಂಟಲು ಒಮ್ಮೆ ಒಡೆದರೆ ಅದೇ ಒಡಕಿನಲ್ಲಿ ಗಂಡ ಸತ್ತದ್ದು, ಮಗು ಸತ್ತದ್ದು, ಮನೆಯಿಂದ ಹೊರಗೆ ದಬ್ಬಿದ್ದು ಎಲ್ಲವೂ ಆಗಿಹೋಗುತ್ತದೆ.

“ಅಮ್ಮಾ, ಅದು ಸುಳ್ಳು ಅಳು ಅಂತ ನಂಗೊತ್ತು, ನನ್ನ ಎದೆಗೆ ಗೊತ್ತಾಗಲ್ಲ. ಮನೆಗೆ ಬಂದ್ರೂ ಬಡ್ಕೊಳ್ತಾನೇ ಇರುತ್ತೆ” ಅನ್ನುತ್ತಿದ್ದಳು. ನಿದ್ದೆ ಬಿಟ್ಟುಹೋಗಿತ್ತು. ತಟ್ಟೆಯ ಮುಂದೆ ಕುಳಿತರೆ ಅನ್ನ ಕಲಸಿಟ್ಟು ಹಾಗೇ ಎದ್ದುಬಿಡುತ್ತಿದ್ದಳು. ಮನೋರೋಗದ ಡಾಕ್ಟರು ಮಾತ್ರೆ ಬರೆದು, ಈ ಕೆಲಸ ಸ್ವಲ್ಪ ಕಾಲ ಬಿಡಲೇಬೇಕು ಎಂದಿದ್ದರು. ಅಂದು ಬೆಳಿಗ್ಗೆ ಅವಳು ಅದನ್ನು ಹೇಳಿದರೆ ಡೈರೆಕ್ಟರ್ ನಕ್ಕ.

“ನಿದ್ದೆಗೆಟ್ಟ ಗಂಟಲು ಅಳೋಕೆ ಚೆನ್ನಾಗಿರುತ್ತೆ ಕಣಮ್ಮ. ಹುಚ್ಚಾಸ್ಪತ್ರೆಗೆ ಆಮೇಲೆ ಹೋಗುವೆಯಂತೆ, ಮೊದ್ಲು ಹೆಣ ಮುಗ್ಸು.”

ಈಗ ಸ್ಪೀಕರಿನಲ್ಲಿ ಬಾಗಿಲು ಬಡಿಯುವ ಸದ್ದು. “ಅಮ್ಮಾ, ಉಸಿರು ಬರ್ತಿಲ್ಲ! ಬಾಗಿಲು ತೆಗಿಯೇ! ಅಮ್ಮಾ!”

ಆ ದಪ್ಪ ಬಾಗಿಲಿಗೆ ಚಿಲಕ ಹೊರಗಿನಿಂದ. ನಾನು ಕೈ ಹಾಕುವಷ್ಟರಲ್ಲಿ ಡೈರೆಕ್ಟರ್ ಓಡಿಬಂದು ನನ್ನ ಮಣಿಕಟ್ಟು ಹಿಡಿದುಕೊಂಡ.

“ಮುಟ್ಬೇಡಿ ಅಜ್ಜಿ, ಈಗ ಬರ್ತಿದೆ ನೋಡಿ ಅಳು!” ಸೌಂಡಿನವನಿಗೆ ಕೂಗಿದ: “ನಿಲ್ಸಬೇಡ್ವೋ ಬೋಳಿಮಗನೇ, ರೆಕಾರ್ಡ್ ಆಗ್ಲಿ!”

ಬಾಗಿಲು ತೆಗೆದಾಗ ಅವಳು ನೆಲದ ಮೇಲಿದ್ದಳು. ಉಗುರುಗಳಲ್ಲಿ ರಕ್ತ. ಡೈರೆಕ್ಟರ್ ಅವಳ ತಲೆ ಸವರಿ, “ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ಯೇ ಇದನ್ನ?” ಎಂದ.

ಆ ವಾರ ಕಳೆಯುವ ಮೊದಲೇ ನನ್ನ ಮಗಳು ತನ್ನ ಜೀವ ತಾನೇ ಕಳೆದುಕೊಂಡಳು. ದೇವರು ಕೊಟ್ಟದ್ದನ್ನು ದೇವರೇ ಕರೆದುಕೊಂಡ ಎಂದು ನೆರೆಯವರು ಸಮಾಧಾನ ಹೇಳಿದರು. ದೇವರ ಮೇಲೆ ಆ ಅಪವಾದ ಹೊರಿಸಲು ನನಗೆ ಮನಸ್ಸಾಗಲಿಲ್ಲ.

ಮಣ್ಣು ಮಾಡಿ ಬಂದು ಗೋಡೆಗೆ ಒರಗಿದ್ದೆ. ಪಕ್ಕದ ಮನೆಯ ಟಿವಿಯಲ್ಲಿ ನನ್ನ ಮಗಳು ಕೂಗಿದಳು: “ಬಾಗಿಲು ತೆಗಿಯೇ! ಅಮ್ಮಾ!”

ಮರುದಿನವೇ ಸ್ಟುಡಿಯೋಗೆ ಹೋದೆ.

“ಬೆಂಕಿ ಸೀನಿಗೆ ಹಾಕಿದ್ವಿ ಅಜ್ಜಿ,” ಎಂದ ಡೈರೆಕ್ಟರ್. “ಎಲ್ಲರ ಬಾಯಲ್ಲೂ ಅದೇ ಮಾತು.”

“ಅದು ನಟನೆ ಅಲ್ಲಪ್ಪ. ಅವ್ಳು ನನ್ನನ್ನ ಕರ್ದಿದ್ದು. ನಿನ್ನ ಕಾಲಿಗೆ ಬೀಳ್ತೀನಿ, ಅದನ್ನ ತೆಗೆದುಹಾಕಿಬಿಡು.”

“ನಟನೆ ಅಲ್ದೇ ಇರೋದಕ್ಕೇ ಅಲ್ವಾ ಅದಕ್ಕಿಷ್ಟು ರುಚಿ?” ಎಂದ. ಸೌಂಡಿನವನು ತಲೆ ತಗ್ಗಿಸಿದ. ಡೈರೆಕ್ಟರ್ ಮುಂದುವರಿಸಿದ: “ಆಯ್ತು ಬಿಡಿ. ನಾಳೆ ಎಪಿಸೋಡಿಗೆ ಅತ್ತೆ ನಗು ಬಾಕಿ ಇದೆ. ಕೊಟ್ಟುಹೋಗಿ, ನಿಮ್ಮೆದುರಿಗೇ ಡಿಲೀಟ್ ಮಾಡಿಸ್ತೀನಿ.”

ಒಳಗೆ ಹೋಗಿ ಹೆಡ್‌ಫೋನು ಹಾಕಿಕೊಂಡೆ. ಪರದೆಯ ಮೇಲೆ ಅತ್ತೆ, ಸೊಸೆಯನ್ನು ಕೋಣೆಯಲ್ಲಿ ಕೂಡಿಹಾಕಿ, ಬಾಯಿ ತೆರೆದು ನಗುತ್ತಿದ್ದಳು. ಒಳಗಿನಿಂದ ಸೊಸೆ ಕೂಗಬೇಕಿತ್ತು. ಆ ಕೂಗಿಗೂ ಅದೇ ರೆಕಾರ್ಡು. ನನ್ನ ಕಿವಿಯಲ್ಲಿ ಕೂಗಿದವಳು ನನ್ನ ಮಗಳು.

“ನಗಿ ಅಜ್ಜಿ! ಅತ್ತೆ ತುಟಿ ಮುಂದೆ ಹೋಗ್ತಿದೆ!”

“ಬಂದೆ ಮಗಳೇ,” ಎಂದೆ. “ಬಂದೆ ಕಂದಾ...”

ಅವಳನ್ನು ಮಣ್ಣಿಗಿಡುವಾಗಲೂ ಬಾರದಿದ್ದ ಅಳು ಕಿತ್ತುಕೊಂಡು ಬಂತು.

ಡೈರೆಕ್ಟರ್ ಬಯ್ಯಲಿಲ್ಲ. ಕಣ್ಣರಳಿಸಿ ಸೌಂಡಿನವನ ಭುಜ ಅದುಮಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಗಾಳಿಯಲ್ಲಿ ಸುತ್ತುತ್ತಿದ್ದ. ನಡೀಲಿ, ನಡೀಲಿ.

ನಾನು ಅಂಗೈಯ ಬುಡವನ್ನು ಬಾಯಿಗಿಟ್ಟು ಕಚ್ಚಿದೆ.

“ಯಾಕ್ ನಿಲ್ಸಿದ್ರಿ? ಅಳಿ ಅಜ್ಜಿ! ನಗು ಬೇಡ, ಅಳಿ! ಏ ಹಾಳು ಮುದ್ಕಿ, ಅಳೇ!”

ಕಿವಿಯಲ್ಲಿ ಮಗಳು ಕರೆಯುತ್ತಲೇ ಇದ್ದಳು. ಹಲ್ಲು ಬಿಗಿದಲ್ಲಿಂದ ರಕ್ತ ಇಳಿದು ಮೊಣಕೈ ಮುಟ್ಟಿತು. ಮೈಕು ತೆರೆದೇ ಇತ್ತು. ದೇವರಿಗೂ ಕೇಳಿಸದಷ್ಟು ಮೆಲ್ಲಗೆ ಉಸಿರಾಡುತ್ತ, ಅದರ ಮುಂದೆ ನಿಂತೇ ಇದ್ದೆ.