ಮಿನಿಮಮ್ ಕಟ್ಟಿದರೆ ಸಾಕು

ಬಸ್ಸಿನ ಕಿಟಕಿಯಾಚೆ ಚೆಂಡುಹೂವಿನ ಹೊಲ ಒಂದೇ ಸಮನೆ ಓಡುತ್ತಿದೆ, ಹಳದಿ, ಹಳದಿ, ನಡುವೆ ಒಂದು ಪಂಪ್‌ಸೆಟ್ ಮನೆ, ಮತ್ತೆ ಹಳದಿ — ಬ್ಯಾಂಕಿನ ಆ ಹುಡುಗಿ ಮೇಘನಾ ಕ್ರೆಡಿಟ್ ಕಾರ್ಡಿನ ಬಿಲ್ಲಿನ ಮೇಲೆ ಗೆರೆ ಎಳೆದದ್ದೂ ಇದೇ ಬಣ್ಣದ ಪೆನ್ನಿನಲ್ಲಿ, ನಾಗಲಕ್ಷ್ಮಿ ಚೀಲದೊಳಗೆ ಕೈ ಹಾಕಿ ಕಾಗದ ಮುಟ್ಟಿ ನೋಡಿಕೊಂಡಳು, ಇದೆ, ಎಲ್ಲಿ ಹೋಗುತ್ತದೆ, ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೂ ತೊಡೆಯ ಮೇಲೆ ಕೂತೇ ಬರುತ್ತದೆ. ಮೇಡಂ, ನೀವು ಕಟ್ತಾ ಬಂದಿರೋದು ಬರೀ ಮಿನಿಮಮ್ಮು, ಅದು ಹೆಚ್ಚುಕಮ್ಮಿ ಬಡ್ಡಿಗೇ ಹೋಗುತ್ತೆ, ಅಸಲು ಕರಗೋದೇ ಇಲ್ಲ, ಅಂದಳು ಹುಡುಗಿ, ಪಕ್ಕದವರಿಗೆ ಕೇಳದ ಹಾಗೆ, ಆ ಮೆಲುದನಿಯೇ ಹೆಚ್ಚು ಚುಚ್ಚಿತು. ಎಂಬತ್ತೈದು ಸಾವಿರ, ತಂಗಿ ಭವ್ಯಳ ಬಿ.ಎಡ್. ಕೊನೆ ವರ್ಷದ ಫೀಸು, ಹಾಸ್ಟೆಲ್ಲು, ಕಾರ್ಡು ಉಜ್ಜಿದ್ದು ಅದೊಂದೇ ಸಲ. ಎರಡು ವರ್ಷದಲ್ಲಿ ಒಂದು ಲಕ್ಷ ಕಟ್ಟಿದ್ದಾಳೆ, ಶಾಲೆಯ ಆಫೀಸಿನಲ್ಲಿ ತಿಂಗಳಿಗೆ ಬರುವ ಹನ್ನೆರಡು ಸಾವಿರದೊಳಗೆ, ಗಂಡನಿಗೆ ಚೀಟಿ ಅಂತ ಸುಳ್ಳು ಹೇಳಿ, ಆದರೂ ಇನ್ನೂ ಎಪ್ಪತ್ತೆರಡು ಸಾವಿರ ಬಾಕಿ. ಕಂತಿಗೆ ಹಾಕಿಸಿಬಿಡಿ ಮೇಡಂ, ಬಡ್ಡಿ ಅರ್ಧಕ್ಕಿಂತ ಕಮ್ಮಿ, ಎರಡು ವರ್ಷಕ್ಕೆ ತೀರೇಹೋಗುತ್ತೆ — ಆಗ ಎದೆ ಹಗುರಾಗಿತ್ತಲ್ಲ, ಒಂದೇ ಒಂದು ನಿಮಿಷ — ಆಮೇಲೆ ಹುಡುಗಿ ಕಂಪ್ಯೂಟರ್ ನೋಡಿ ತುಟಿ ಕಚ್ಚಿಕೊಂಡಳು, ಯುಗಾದಿ ತಿಂಗಳದ್ದು ಕಟ್ಟೇ ಇಲ್ವಲ್ಲ, ಒಂದು ತಿಂಗಳು ತಪ್ಪಿದ್ರೂ ಕಂತಿಗೆ ಸಿಸ್ಟಮ್ ತಗೊಳ್ಳಲ್ಲ. ಆ ತಿಂಗಳು ಸಂಬಳವೇ ಆಗಿರಲಿಲ್ಲ, ಅದನ್ನು ಸಿಸ್ಟಮ್ಮಿಗೆ ಯಾರು ಹೇಳುತ್ತಾರೆ. ಮೂರು ತಿಂಗ್ಳು ಕಟ್ಟದೆ ಕುಂತ್ಕೊ ಕಣೆ, ಅವರೇ ಅರ್ಧಕ್ಕೆ ಇಳಿತಾರೆ ಅನ್ನುತ್ತಾಳೆ ಆಫೀಸಿನ ಕರಿಬಸಮ್ಮ, ಆದರೆ ವಸೂಲಿಯವರು ಫೋನು ಮಾಡುವುದು ಅರ್ಜಿಯಲ್ಲಿ ಬರೆದ ಎರಡನೇ ನಂಬರಿಗೆ, ಅದು ಪುಟ್ಟರಾಜುವಿನದು, ಇಬ್ರ ಎಸ್ರಲ್ಲೂ ಮನೆ ಸಾಲಕ್ಕೆ ಅರ್ಜಿ ಆಕನ ಕಣಮ್ಮಿ ಎಂದು ಸೈಟಿನ ಕಾಗದ ಎದೆಗವಚಿಕೊಂಡು ಮಲಗುವ ಗಂಡ. ಇಲ್ಲಾ ಪೂರ್ತಿ ಒಂದೇ ಸಲ ಕಟ್ಟಿಬಿಡಿ, ಅಂದಿದ್ದಳು ಬ್ಯಾಂಕಿನ ಹುಡುಗಿ — ಕಟ್ಟಬಹುದು, ಭವ್ಯಳನ್ನು ಕೇಳಿದರೆ, ಅವಳೀಗ ಉಮ್ಮತ್ತೂರಿನಲ್ಲಿ ಟೀಚರು, ಆದರೆ ಹೇಗೆ ಕೇಳುವುದು, ಕಾರ್ಡಿನದು ತೀರಿತಾ ಅಕ್ಕ ಎಂದು ಅವಳು ಕೇಳಿದ ದಿನ, ಯಾವತ್ತೋ ತೀರೋಯ್ತು ಬುಡು ಅಂದದ್ದು ತನ್ನದೇ ಬಾಯಿ.

ತೆರಕಣಾಂಬಿ ದಾಟುತ್ತಿದ್ದಂತೆ ಫೋನು, ಭವ್ಯ. ಕೇಳಿಬಿಡಲೇ, ಈಗಲೇ, ಬಸ್ಸಿನ ಸದ್ದಿನಲ್ಲಿ ಮುಖ ಕಾಣುವುದಿಲ್ಲ, ಅಳು ಬಂದರೂ ಗೊತ್ತಾಗುವುದಿಲ್ಲ — ಅಕ್ಕೋ, ನಾ ಚಾಮರಾಜನಗ್ರದಲ್ಲಿ ಅಂಗ್ಡಿಲಿವ್ನಿ, ನಿಂಗೊಂದು ವಾಷಿಂಗ್ ಮಷೀನು, ನಾಳೆ ಮನೆಗೇ ಬತ್ತದೆ, ಸೊಂಟ ನೋವು ಅಂತಿದ್ಯಲ್ಲ. ದುಡ್ಡೆಲ್ಲಿದಮ್ಮಿ. ಕಾರ್ಡು ಕಣಕ್ಕ, ಸ್ಕೂಲ್ ತಾವ್ಕೇ ಬಂದು ಕೊಟ್ಬುಟ್ಟು ಓದ್ರು, ತಿಂಗ್ಳು ತಿಂಗ್ಳು ಮಿನಿಮಮ್ ಕಟ್ಟುದ್ರೆ ಸಾಕಂತೆ, ನೀನೂ ಅಂಗೇ ಅಲ್ವಾ ನನ್ ಫೀಸು ತೀರ್ಸಿದ್ದು. ಬ್ಯಾಡ ಕಣಮ್ಮಿ, ಬ್ಯಾಡ, ನಿಲ್ಸು. ನೀ ಯಾವಾಗ್ಲೂ ಇಂಗೇಯ, ನಿಂಗೆ ಅಂದ್ರೆ ಎಲ್ಲಾ ಬ್ಯಾಡ ಅಂತೀಯ, ಇರು, ಕಾರ್ಡಿನ ಪಿನ್ ನಂಬರ್ ಒತ್ತಬೇಕಂತೆ. ಹೇಳು ನಾಗಲಕ್ಷ್ಮಿ, ಸುಳ್ಳು ಕಣೆ ಅದು, ತೀರಿಲ್ಲ ಕಣೆ, ಹೇಳು — ಹೇಳಿದರೆ ಅಂಗಡಿಯ ಮಧ್ಯೆ ಅವಳ ಮುಖ ಏನಾಗುತ್ತದೆ, ನನ್ನಿಂದ ಎಂದುಕೊಳ್ಳುತ್ತಾಳೆ, ಪೂರ್ತಿ ನನ್ನಿಂದ — ಫೋನಿನಲ್ಲಿ ಕೀ ಒತ್ತಿದ ಸದ್ದು, ಸೀಮೆಸುಣ್ಣದ ಪುಡಿ ಮೆತ್ತಿದ ತಂಗಿಯ ತೋರುಬೆರಳು, ಒಂದು ಅಂಕಿ, ಭವ್ಯಾ, ಎರಡು, ಏನಕ್ಕ ಅಂದಳೇ, ಏನಿಲ್ಲ ಅಂದಳೇ ತಾನು, ಮೂರು, ಆ ಬೆರಳು, ಬಿಳಿ ಪುಡಿಯ ಬೆರಳು, ನಾಲ್ಕನೆಯದರ ಮೇಲೆ, ಆ ಬೆರಳು —