ಹುಲಿಯಮ್ಮನ ಹೆಸರಿನ ಪೊಟ್ಟಣ

ಚೌಳಹಿರಿಯೂರಿನ ಸುಲೋಚನಮ್ಮನ ಪಡಸಾಲೆಯಲ್ಲಿ ಭೂಮಿಕಾ ಮೂರು ತಟ್ಟೆಗಳನ್ನು ಸಾಲಾಗಿ ಇಟ್ಟಳು. ಮೂರರಲ್ಲೂ ಇದ್ದದ್ದು ಹುಚ್ಚೆಳ್ಳು ಚಟ್ನಿಪುಡಿ. ಪ್ರತಿ ತಟ್ಟೆಯ ಹಿಂದೆ ಒಂದು ಪೊಟ್ಟಣ, ಅದರ ಮೇಲೆ ಮಾಡಿದವರ ಹೆಸರು. ಮೊದಲನೆಯದು ಯಾವುದೋ ಫುಡ್ಸ್ ಕಂಪನಿ. ಎರಡನೆಯದು ತರೀಕೆರೆ ಪೇಟೆ ಬೀದಿಯ ಶಾರದಮ್ಮ ರುದ್ರಮೂರ್ತಿ. ಮೂರನೆಯದರ ಮೇಲೆ ‘ಹುಲಿಯಮ್ಮ, ಕಾಲೋನಿ, ಯಗಟಿ’ ಎಂದಿತ್ತು. ಕಾಲೋನಿ ಅಂದಮೇಲೆ ಅದು ಯಾರ ಕೇರಿ ಅಂತ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕಂಪನಿಯೂ ಸುಳ್ಳು, ಶಾರದಮ್ಮನೂ ಸುಳ್ಳು. ಮೂರು ತಟ್ಟೆಯದೂ ಒಂದೇ ಪುಡಿ, ಮಾಡಿದವಳು ಭೂಮಿಕಾಳ ಅವ್ವ ಹುಲಿಯಮ್ಮ. ಜನ ರುಚಿ ನೋಡಿ ಕೊಳ್ಳುತ್ತಾರೋ, ಹೆಸರು ನೋಡಿ ಕೊಳ್ಳುತ್ತಾರೋ ಎನ್ನುವುದು ಅವಳ ಪಿಎಚ್‌ಡಿ ವಿಷಯ. ಮೂರನೆಯದಕ್ಕೂ ಏನಾದರೊಂದು ಕಲ್ಪಿತ ಹೆಸರು ಹಾಕು ಎಂದು ಗೈಡ್ ಬೃಂದಾ ಮೇಡಂ ಹೇಳಿದ್ದರು. ಕಂಪ್ಯೂಟರಿನ ಮುಂದೆ ಕೂತಾಗ ಈ ಹುಡುಗಿಗೆ ಅದೇನು ಹಟ ಹತ್ತಿತೋ, ಅವ್ವನ ಹೆಸರನ್ನೇ ಹಾಕಿಬಿಟ್ಟಳು. ಅವ್ವನನ್ನು ಒಂದು ಮಾತು ಕೇಳಲಿಲ್ಲ. ಓದಿದವರ ಬುದ್ಧಿ ನೋಡಿ!

ಕೇಳಿದ್ದರೆ ಹುಲಿಯಮ್ಮ ಖಂಡಿತ ಬೇಡ ಎನ್ನುತ್ತಿದ್ದಳು. ಅವಳ ಪುಡಿ ಕಡೂರಿನ ಈರಭದ್ರಪ್ಪನ ಅಂಗಡಿಯಲ್ಲಿ ವರ್ಷಗಳಿಂದ ಮಾರಾಟವಾಗುತ್ತಿದ್ದುದು ಬರೀ ಕವರಿನಲ್ಲಿ, ಹೆಸರೇ ಇಲ್ಲದೆ. “ಹೆಸ್ರು ಯಾಕೆ ಹುಲಿಯಮ್ಮ, ರುಚಿ ಐತಲ್ಲ, ಸಾಕು ಬಿಡು” ಎಂದಿದ್ದ ಈರಭದ್ರಪ್ಪ. ಅವಳೂ ತೆಪ್ಪಗೆ ಒಪ್ಪಿದ್ದಳು. ಗಂಡ ಮುನಿಯಪ್ಪ ತೀರಿಕೊಂಡ ಮೇಲೆ ಆ ಮನೆಯ ಒಲೆ ಉರಿದದ್ದು, ಭೂಮಿಕಾ ಕಾಲೇಜು ಮೆಟ್ಟಿಲು ಹತ್ತಿದ್ದು, ಎಲ್ಲವೂ ಆ ಪುಡಿಯಿಂದಲೇ. ಆ ಅಂಗಡಿಯೊಂದು ತಪ್ಪಿದರೆ ಬೇರೆ ದಾರಿಯಿರಲಿಲ್ಲ.

ಸುಲೋಚನಮ್ಮ ಊರಿನ ಮಹಿಳಾ ಸಂಘದ ಅಧ್ಯಕ್ಷೆ. ತೋಟ ತುಡಿಕೆ ಇದ್ದ ಮನೆ, ಮಾತಿಗೆ ತೂಕ. ಸಂಘದ ಹೆಂಗಸರನ್ನು ಕರೆಸಿ ಕೂರಿಸಿಕೊಂಡು, ಮೊದಲ ತಟ್ಟೆಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

“ಪರವಾಗಿಲ್ಲ ಕಣವ್ವ. ಆದ್ರೂ ನಮ್ಮನೇಗೆ ಕಡೂರಿನ ಈರಭದ್ರಪ್ಪನ ಅಂಗಡಿ ಪುಡಿನೇ ಆಗ್ಬೇಕು. ಸಂಘದೋರ್ಗೂ ಹೇಳಿದೀನಿ, ಎಲ್ರೂ ಅಲ್ಲಿಂದ್ಲೇ ತರ್ಸಾದು.”

ಅವ್ವನ ಪುಡಿಗೆ ಊರಿಗೆ ಊರೇ ಗಿರಾಕಿಯಾದದ್ದು ಈ ಹೆಂಗಸಿನ ಮಾತಿನಿಂದ ಎಂದು ಭೂಮಿಕಾಳಿಗೆ ಗೊತ್ತಾದದ್ದೇ ಆಗ. ಎದ್ದು ತಟ್ಟೆಗಳನ್ನು ಎತ್ತಿಕೊಂಡು ಓಡಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವರು ಎರಡನೆಯದಕ್ಕೆ ಕೈ ಹಾಕಿದ್ದರು.

“ಆಹಾ, ಇದು ನೋಡು! ಮನೆ ಕೈ ರುಚಿ ಅಂದ್ರೆ ಇದು.”

ಮೂರನೆಯ ಪೊಟ್ಟಣದ ಹೆಸರನ್ನು ಅವರು ಕಣ್ಣು ಕಿರಿದು ಮಾಡಿ ಓದಿದರು. ಎರಡೇ ಎರಡು ಕಾಳು ನಾಲಿಗೆಗೆ ಮುಟ್ಟಿಸಿ ತಟ್ಟೆಯನ್ನು ಬೆರಳಿನಿಂದ ಆಚೆ ಸರಿಸಿದರು.

“ಇದ್ಯಾಕೋ ಮುಗ್ಗಲು ವಾಸ್ನೆ ಕಣವ್ವ.”

ಉಳಿದವರೂ ಮುಟ್ಟಿಸಿದ ಹಾಗೆ ಮಾಡಿ, ಹೌದು ಹೌದು, ಮುಗ್ಗಲು ಎಂದರು. ಸೊಸೆ ಗಗನಾ ಮಾತ್ರ, “ಅತ್ತೆ, ಮೂರೂ ಒಂದೇ ಥರ ಐತಲ್ಲ” ಅಂದಳು. “ನಿಂಗೇನು ಗೊತ್ತಾಯ್ತದೆ, ಸುಮ್ನಿರು” ಎಂದು ಅತ್ತೆ ಗದರಿದರು. ಭೂಮಿಕಾಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿ ಎಲ್ಲರ ಉತ್ತರ ಬರೆದುಕೊಂಡಳು.

ಈಗ ಉಳಿದದ್ದು ಕೊನೆಯ ಕೆಲಸ. ಇಂಥ ಪರೀಕ್ಷೆಯಲ್ಲಿ ಜನರಿಂದ ಏನನ್ನು ಮುಚ್ಚಿಟ್ಟಿರುತ್ತೇವೋ ಅದನ್ನು ಕೊನೆಯಲ್ಲಿ ಅವರಿಗೇ ಬಾಯಿಬಿಟ್ಟು ಹೇಳಬೇಕು. ಅದು ಸಂಶೋಧನೆಯ ನಿಯಮ. ಇದೊಂದು ತಪ್ಪಿದರೆ ನಾನು ಸಹಿ ಹಾಕುವುದಿಲ್ಲ ಎಂದು ಬೃಂದಾ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ದರು.

“ಅಮ್ಮ, ಒಂದು ವಿಷಯ ಹೇಳ್ಬೇಕು” ಎಂದಳು ಭೂಮಿಕಾ. “ಮೂರು ತಟ್ಟೆಲಿ ಇರೋದೂ ಒಂದೇ ಪುಡಿ. ನೀವು ಈರಭದ್ರಪ್ಪನ ಅಂಗಡಿಯಿಂದ ತರಿಸ್ತೀರಲ್ಲ, ಅದೇ.”

ಸುಲೋಚನಮ್ಮ ಪೊಟ್ಟಣವನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. ಮುಖ ಬಿಳುಚಿಕೊಂಡಿತು. ಫೋನ್ ತೆಗೆದು ಸ್ಪೀಕರಿಗೆ ಹಾಕಿದರು.

“ಈರಭದ್ರಪ್ಪಾ, ನಿನ್ನ ಅಂಗಡಿ ಹುಚ್ಚೆಳ್ಳು ಪುಡಿ ಮಾಡೋರ್ಯಾರಪ್ಪ?”

ಆ ಕಡೆಯಿಂದ ಈರಭದ್ರಪ್ಪನ ದನಿ ಬಂತು.

“ಇನ್ಯಾರು ಮಾಡ್ತಾರೆ ಅಮ್ಮೋರೇ, ನಮ್ಮ ಮನೆಯವ್ಳೇ ಮಾಡಾದು. ಯಾಕೆ, ಚೆನ್ನಾಗಿಲ್ವಾ?”

“ಚೆನ್ನಾಗೈತೆ ಕಣಪ್ಪ, ಸುಮ್ನೆ ಕೇಳ್ದೆ” ಎಂದು ಫೋನಿಟ್ಟ ಸುಲೋಚನಮ್ಮನಿಗೆ ಹೋದ ಜೀವ ಬಂದಂತಾಯಿತು. ಗಲಗಲ ನಕ್ಕು, ಆಚೆ ಸರಿಸಿದ್ದ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಹಿಡಿಯಷ್ಟು ಪುಡಿ ಬಾಯಿಗೆ ಹಾಕಿಕೊಂಡರು. “ಎಂಥಾ ಕಿಲಾಡಿ ಕಣೇ ನೀನು! ಗಾಬರಿ ಬೀಳಿಸಿಬಿಟ್ಟೆ. ಅಂದ್ರೆ ಈ ಹುಲಿಯಮ್ಮ ಅನ್ನೋಳು ಯಾರೂ ಇಲ್ಲ ಅನ್ನು!”

ಹೆಂಗಸರೆಲ್ಲ ನಕ್ಕರು. ಭೂಮಿಕಾ ಹೂಂ ಅಂದುಬಿಟ್ಟರೆ ಮುಗಿಯಿತು. ಈರಭದ್ರಪ್ಪ ಹೇಳಿದ ಸುಳ್ಳಿನಲ್ಲೇ ಅವ್ವನ ಅನ್ನವಿತ್ತು. ನಾಳೆಯೂ ಪುಡಿ ಹೋಗುತ್ತದೆ, ಊರೂ ಚಪ್ಪರಿಸಿಕೊಂಡು ತಿನ್ನುತ್ತದೆ. ಹೂಂ ಅನ್ನು ಭೂಮಿ, ಅನ್ನು ಎಂದು ತನಗೆ ತಾನೇ ಹೇಳಿಕೊಂಡಳು. ಎದುರಿಗೆ ಸುಲೋಚನಮ್ಮ ನಗುನಗುತ್ತಾ ಮತ್ತೆ ಪುಡಿಗೆ ಕೈ ಹಾಕಿದರು.

“ಇದಾರೆ” ಎಂದಳು ಭೂಮಿಕಾ. “ಹುಲಿಯಮ್ಮ ನನ್ನ ತಾಯಿ. ಈ ಪುಡಿ ಮಾಡಿದ್ದು ಅವರೇ. ಅಂಗಡಿಗೆ ಕೊಡೋದೂ ಅವರೇ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸುಲೋಚನಮ್ಮ ಕೈಯಲ್ಲಿದ್ದ ಪುಡಿಯನ್ನು ಮೆಲ್ಲಗೆ ತಟ್ಟೆಗೆ ಬಿಟ್ಟು, ಸೆರಗಿನಿಂದ ತುಟಿ ಒರೆಸಿಕೊಂಡರು. “ಅದ್ಕೇನಂತೆ, ನಾವೇನು ಆ ಥರ ನೋಡೋರಲ್ಲಪ್ಪ” ಎಂದವರು ಫೋನ್ ಹಿಡಿದು ಒಳಗೆ ಹೋದರು. ಬಾಗಿಲು ಅರ್ಧ ಮುಚ್ಚಿಕೊಂಡಿತು. “ಈರಭದ್ರಪ್ಪಾ…” ಎನ್ನುವ ದನಿ ಪಡಸಾಲೆಯವರೆಗೂ ಕೇಳಿಸಿತು. ಗಗನಾ ತಲೆ ತಗ್ಗಿಸಿ ತಟ್ಟೆಗಳನ್ನು ಜೋಡಿಸಿಕೊಟ್ಟಳು.

ಯಗಟಿಗೆ ಬಸ್ಸಿಳಿದಾಗ ಇನ್ನೂ ಬಿಸಿಲಿತ್ತು. ಹುಲಿಯಮ್ಮ ಜಗಲಿಯ ಮೇಲೆ ಕೂತಿದ್ದಳು. ಅಂಗಡಿಗೆ ಹೋಗಬೇಕಿದ್ದ ಪುಡಿಯ ಡಬ್ಬ ಪಕ್ಕದಲ್ಲೇ ಇತ್ತು.

“ಇನ್ಮ್ಯಾಲೆ ಪುಡಿ ತರಬ್ಯಾಡ ಅಂತ ಈರಭದ್ರಪ್ಪ ಫೋನ್ ಮಾಡಿದ್ದ. ನೀನು ನನ್ನ ಹೆಸ್ರು ಹಾಕಿ ಪುಡಿ ಇಟ್ಟಿದ್ದೂ ಹೇಳ್ದ” ಎಂದಳು.

“ತಪ್ಪಾಯ್ತು ಕಣವ್ವ.”

“ತಪ್ಪಾಯ್ತು ಅಂದ್ರೆ ಒಲೆ ಉರಿತದೇನೇ? ನನ್ನ ಕೇಳಿದ್ಯಾ ನೀನು? ನಿನ್ನ ಓದಿಗೆ ನನ್ನೇ ತಟ್ಟೇಲಿಟ್ಟು ಬಂದ್ಯಾ?” ಅವಳ ದನಿ ನಡುಗುತ್ತಿತ್ತು. ಭೂಮಿಕಾ ಕಾಲ ಬಳಿ ಕುಸಿದು ಕೂತಳು. ನಡೆದದ್ದನ್ನೆಲ್ಲ ಅಳುತ್ತಾ ಹೇಳಿದಳು, ಒಂದನ್ನು ಮಾತ್ರ ಬಿಟ್ಟು.

“ನನ್ನ ಹೆಸ್ರಿಂದು ಬಾಯಿಗಾಕ್ಕಂಡು ಏನಂದ್ರೇ?”

“ಬಿಡವ್ವ.”

“ಹೇಳೇ.”

“ಮುಗ್ಗಲು ವಾಸ್ನೆ ಅಂದ್ರು.”

ಹುಲಿಯಮ್ಮ ತಟ್ಟನೆ ಎದ್ದು ನಿಂತಳು. ಇಷ್ಟು ಹೊತ್ತು ಮುಖದ ಮೇಲಿದ್ದ ಹೆದರಿಕೆ ಎಲ್ಲಿ ಹೋಯಿತೋ!

“ಮುಗ್ಗಲಾ? ನನ್ನ ಪುಡಿ ಮುಗ್ಗಲಾ? ಹುಚ್ಚೆಳ್ಳು ಹಸನು ಮಾಡಿ, ಘಮ್ ಅನ್ನೋಗಂಟ ಹುರಿದು, ಬಿಸಿಲು ಕಂಡ ಕೊಬ್ರಿ ಬಿಟ್ಟು ಬ್ಯಾರೆದು ಮುಟ್ಟದಂಗೆ ಮಾಡೋಳು ಕಣೇ ನಾನು! ಹೆಸ್ರು ಬ್ಯಾಡ ಅಂದ್ರು, ಬ್ಯಾಡ ಅಂತ ಸುಮ್ನಿದ್ದೆ. ಮುಗ್ಗಲು ಅಂತಾರಾ?” ಅವಳು ಡಬ್ಬವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. “ನಾಳೆ ಅಜ್ಜಂಪುರದ ಸಂತೆ. ನಾನೇ ಕೂತು ಮಾರ್ತೀನಿ. ಮುಗ್ಗಲು ಅನ್ನೋರು ನನ್ನ ಮಕ ನೋಡ್ಕಂಡು ಅನ್ಲಿ. ನೀನೂ ಬಾ. ಕೂಗೋಳು ನೀನೇ.”

“ಯಾರೂ ತಗಳ್ದಿದ್ರೆ?”

“ಹೊತ್ಕಂಡು ವಾಪಸ್ ಬರಾದು. ಈಗ ಕೂಗು, ಹೆಂಗೆ ಕೂಗ್ತೀಯ ಕೇಳಾಣ.”

ಭೂಮಿಕಾ ಕಣ್ಣೊರೆಸಿಕೊಂಡು ಎದ್ದಳು. ಕಾಲೇಜಿನ ವೇದಿಕೆ ಮೇಲೆ ನಿಂತು ಮಾತಾಡಿದವಳಿಗೆ ಸ್ವಂತ ಕೇರಿಯಲ್ಲಿ ದನಿ ಸಣ್ಣಗೇ ಹೊರಟಿತು.

“ಹುಲಿಯಮ್ಮನ ಹುಚ್ಚೆಳ್ಳು ಪುಡೀ…”

ಎದುರು ಮನೆಯವರು ಹೊರಗೆ ಬಂದು ನೋಡಿದರು. ತನ್ನ ಹೆಸರನ್ನು ಯಾರಾದರೂ ಹಾಗೆ ಕೂಗಿದ್ದನ್ನು ಹುಲಿಯಮ್ಮ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಡಬ್ಬ ಹಿಡಿದುಕೊಂಡೇ ಸೆರಗನ್ನು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

“ಇನ್ನೂ ಗಟ್ಟಿಯಾಗಿ ಕಣೇ” ಎಂದಳು.